ಮೂರರ ಮಗ್ಗಿ

"ಹುಡುಗರು ಇಪ್ಪತ್ತು, ಹುಡುಗಿಯರು ಒಂಬತ್ತು. ಅನುಪಾತ ಚಿಕ್ಕದು ಮಾಡಿ ನೋಡುವ," ಎಂದು ದೇವಕಿ ಅಕ್ಕೋರು ಹಲಗೆಯ ಮೇಲೆ 20 : 9 ಎಂದು ಬರೆದರು. ಏಳನೇ ಇಯತ್ತೆಯ ಮಕ್ಕಳು ಎರಡರ ಮಗ್ಗಿ, ಮೂರರ ಮಗ್ಗಿ, ಐದರ ಮಗ್ಗಿ ಎಲ್ಲ ತಡಕಾಡಿ ಸೋತರು. ಎರಡು ಅಂಕಿಗಳೂ ಒಂದೇ ಮಗ್ಗಿಯಲ್ಲಿ ಸಿಗಲೊಲ್ಲವು. ಪುಸ್ತಕದ ಲೆಕ್ಕ ಬಿಟ್ಟು ತರಗತಿಯನ್ನೇ ಲೆಕ್ಕ ಮಾಡಹೊರಟ ತಮ್ಮ ಜಾಣತನಕ್ಕೆ ಅಕ್ಕೋರಿಗೇ ನಗು ಬಂತು.

"ಎಂತ ಮಾಡುದು, ಹುಡುಗಿಯರಲ್ಲಿ ಒಬ್ಬಳು ಹೆಚ್ಚಾದಳು. ಅವಳೊಬ್ಬಳು ಇಲ್ಲದಿದ್ದರೆ ನಾಲ್ಕರ ಮಗ್ಗಿಯಲ್ಲಿ ಸಲೀಸಾಗಿ ಹೋಗ್ತಿತ್ತು. ಐದಕ್ಕೆ ಎರಡು," ಎಂದರು. ಎಲ್ಲರೂ ನಕ್ಕರು. ಕೊನೆಯ ಸಾಲಿನ ಮುರಿಗೆವ್ವ ಮಾತ್ರ ಹಲಗೆಯನ್ನೇ ನೋಡುತ್ತಿದ್ದಳು.

ಮರುದಿನ ಮುರಿಗೆವ್ವ ಬರಲಿಲ್ಲ. ಜ್ವರವಿರಬೇಕು ಎಂದುಕೊಂಡರು. ವಾರ ಕಳೆದರೂ ಸುದ್ದಿಯಿಲ್ಲ. ಪಬ್ಲಿಕ್ ಪರೀಕ್ಷೆ ಹತ್ತಿರ ಬಂದಿತ್ತು, ಲೆಕ್ಕದಲ್ಲಿ ಅವಳಷ್ಟು ಚುರುಕಿನವರು ತರಗತಿಯಲ್ಲೇ ಇರಲಿಲ್ಲ. ಶಾಲೆ ಬಿಟ್ಟ ಮೇಲೆ ಅಕ್ಕೋರು ಅವಳ ಮನೆಗೇ ಹೋದರು.

ತಾಯಿ ಸಿದ್ದವ್ವ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಮುರಿಗೆವ್ವನ ಸೊಂಟದ ಮೇಲೆ ವರ್ಷ ತುಂಬದ ತಮ್ಮನಿದ್ದ.

"ಕುಂದರ್ರಿ ಅಕ್ಕೋರ," ಎಂದಳು ಸಿದ್ದವ್ವ. "ನಾ ಕೂಲಿಗೆ ಹೋದ್ರ ಕೂಸಿನ್ನ ಹಿಡಿಯೋರು ಯಾರ್ರಿ? ಸಾಲಿ ಬಿಡಿಸಬೇಕೋ ಬ್ಯಾಡೋ ಅಂತ ಮನಸು ಹೊಯ್ದಾಡತಿತ್ತು. ನೀವ ಅಂದ್ರಂತಲ್ಲ, ಒಬ್ಬಾಕಿ ಹೆಚ್ಚಾಗ್ಯಾಳ, ಆಕಿ ಇಲ್ಲಂದ್ರ ಲೆಕ್ಕ ಸಲೀಸ ಅಂತ. ಚಲೋನ ಆತು ಅಂದ್ಕೊಂಡೆ."

ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ಅಕ್ಕೋರಿಗೆ ಅದೇ ಹೆಚ್ಚು ಚುಚ್ಚಿತು.

"ಅದು ತಮಾಷೆಗೆ ಹೇಳಿದ್ದು ಮಾರಾಯ್ತಿ. ಇವಳು ಹೆಚ್ಚಾದವಳಲ್ಲ, ನನಗೆ ಬೇಕಾದವಳು."

"ಮತ್ತ ಕೂಸು?"

ಮುರಿಗೆವ್ವ ಇಬ್ಬರ ಮುಖವನ್ನೂ ಒಂದೊಂದು ಸಲ ನೋಡಿ, ತಮ್ಮನನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. ನಗಿಸಲು ಆಡಿದ ಒಂದು ಮಾತು ಒಬ್ಬ ಹುಡುಗಿಯನ್ನು ಶಾಲೆಯಿಂದ ಹೊರಗೆ ಹಾಕಿತಲ್ಲ ಎಂದು ದಾರಿಯುದ್ದಕ್ಕೂ ಅಕ್ಕೋರು ತಮ್ಮನ್ನು ತಾವೇ ಬೈದುಕೊಂಡರು. ರಾತ್ರಿ ಊಟ ಸೇರಲಿಲ್ಲ.

ಮರುದಿನ ಲೆಕ್ಕದ ತಾಸು ಶುರುವಾಗಿತ್ತು.

"ಒಳಗ ಬರ್ಲೇನ್ರಿ ಅಕ್ಕೋರ?"

ಬಾಗಿಲಲ್ಲಿ ಮುರಿಗೆವ್ವ. ಹೆಗಲಲ್ಲಿ ಪಾಟಿಚೀಲ, ಸೊಂಟದಲ್ಲಿ ತಮ್ಮ. ತರಗತಿಯೆಲ್ಲ ಗುಸುಗುಸು ಎಂದಿತು.

"ಬಾ ಬಾ," ಎನ್ನುತ್ತ ಅಕ್ಕೋರು ಬಾಗಿಲಿಗೇ ಬಂದರು. "ಅವ್ವ ಕಳಿಸಿದಳಾ?"

"ನಾನ ಕೇಳಿದ್ನಿರಿ. ಕೂಸಿನ್ನೂ ಕರಕೊಂಡು ಹೋಗ್ತೀನಿ ಅಂದೆ. ಅಕ್ಕೋರು ಬೈತಾರ ಅಂದ್ಳು. ಬಯ್ಯಂಗಿಲ್ಲ, ಲೆಕ್ಕ ಸರಿ ಹೋಗ್ತೈತಿ ಅಂದೆ."

ಅವಳು ತಮ್ಮನನ್ನು ಹುಡುಗರ ಸಾಲಿನ ತುದಿಯಲ್ಲಿ ಕೂರಿಸಿದಳು. ಅವನು ಪಕ್ಕದವನ ಅಳತೆಪಟ್ಟಿಯನ್ನು ಬಾಯಿಗೆ ಹಾಕಿಕೊಂಡ. ಮುರಿಗೆವ್ವ ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ 21 : 9 ಎಂದು ದೊಡ್ಡದಾಗಿ ಬರೆದಳು.

"ಮೂರರ ಮಗ್ಗೀಲೆ ಹೋಗ್ತೈತ್ರಿ ಅಕ್ಕೋರ. ಏಳಕ್ಕೆ ಮೂರು. ಈಗ ಯಾರನ್ನೂ ಬಿಡೂದು ಬ್ಯಾಡ್ರಿ."