ದಿನಕ್ಕೊಬ್ಬ ರೋಗಿ

“ಈ ಹೆಂಗಸು ದಿನಾ ಬರ್ತಾರಲ್ಲ ಸಿಸ್ಟರ್, ಏನು ಕಾಯಿಲೆ ಅವರಿಗೆ?” ಎಂದು ಅಧಿಕಾರಿ ರೋಗಿಗಳ ರಿಜಿಸ್ಟರಿನಿಂದ ತಲೆಯೆತ್ತದೆ ಕೇಳಿದರು.

ಹದಿನಾಲ್ಕು ತಿಂಗಳಿಂದ ಆ ರಿಜಿಸ್ಟರಿನಲ್ಲಿ ದಿನಕ್ಕೊಂದೇ ಹೆಸರು, ಅದೂ ಒಂದೇ ಹೆಸರು. ಅದು ಸಿಸ್ಟರ್ ಅವರದೇ ಹೆಸರು. ಇಪ್ಪತ್ತೆರಡು ವರ್ಷ ಎಲ್ಲರ ಬಾಯಲ್ಲೂ ಬರೀ ‘ಸಿಸ್ಟರ್’ ಆಗಿದ್ದವರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ ಎನ್ನುವುದು, ಈ ಅಧಿಕಾರಿಯ ಮಾತಿರಲಿ, ಒಮ್ಮೊಮ್ಮೆ ಅವರಿಗೇ ಮರೆತುಹೋಗುತ್ತಿತ್ತು.

ಆಸ್ಪತ್ರೆಯ ಸುತ್ತ ಈಗ ಬೀದಿಯೇ ಇಲ್ಲ. ಹೊಸ ಕಟ್ಟಡ ಕಟ್ಟಿ ಎರಡು ವರ್ಷದಲ್ಲಿ ವಾಪಸ್ ಕರೆಸುತ್ತೇವೆಂದು ಹೇಳಿ ಸರ್ಕಾರ ಮುನ್ನೂರು ಮನೆ ಕೆಡವಿ, ಜನರನ್ನು ಊರಾಚೆಗೆ ಸಾಗಿಸಿತ್ತು. ಡಾಕ್ಟರಿಗೂ ಅದೇ ವಾರ ವರ್ಗವಾಯಿತು. ಬೊಚ್ಚುಬಾಯಲ್ಲಿ ಉಳಿದ ಒಂದೇ ಹಲ್ಲಿನಂತೆ ಎರಡು ಕೋಣೆಯ ಈ ಆಸ್ಪತ್ರೆ ಉಳಿಯಿತು, ಒಳಗೆ ಸಿಸ್ಟರ್ ಉಳಿದರು. ಹೋಗುವಾಗ ದರ್ಜಿಯ ಸೊಸೆ ಲಾರಿಯ ಮೇಲಿಂದಲೇ, “ಎರಡನೇ ಹೆರಿಗೆಗೂ ನಿಮ್ಮ ಹತ್ರಾನೇ ಬರೋದು ನಾನು, ಎಲ್ಲೂ ಹೋಗ್ಬೇಡಿ” ಎಂದು ಕೂಗಿದ್ದಳು. ಆ ಮಾತೊಂದನ್ನು ಹಿಡಿದುಕೊಂಡು ಸಿಸ್ಟರ್ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರು.

ಅಷ್ಟರಲ್ಲಿ, ಮೂರು ತಿಂಗಳು ಒಬ್ಬ ರೋಗಿಯೂ ಬಾರದ ಆಸ್ಪತ್ರೆಯನ್ನು ಮುಚ್ಚಬೇಕೆಂದು ಸುತ್ತೋಲೆ ಬಂತು. ಹೊಸ ನಕ್ಷೆಯಲ್ಲಿ ಈ ಜಾಗವನ್ನು ವಾಹನ ನಿಲ್ಲಿಸಲೆಂದು ಆಗಲೇ ಗುರುತು ಮಾಡಿಯೂ ಆಗಿತ್ತು. ಅಂದಿನಿಂದ ಸಿಸ್ಟರ್ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆದು, ರೋಗಿಯ ಸ್ಟೂಲಿನ ಮೇಲೆ ತಾವೇ ಕೂತು, ಎಡಗೈಗೆ ಬಿ.ಪಿ. ಪಟ್ಟಿ ಸುತ್ತಿ, ಬಲಗೈಯಲ್ಲಿ ಗಾಳಿ ಒತ್ತಿ, ತೂಕವನ್ನೂ ನೋಡಿ ಬರೆದುಕೊಳ್ಳತೊಡಗಿದರು. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಅಭ್ಯಾಸವಾಯಿತು, ಕೊನೆಗೆ ಅದೇ ಆಸರೆಯೂ ಆಯಿತು. ದಿನಕ್ಕೊಮ್ಮೆ ಯಾರಾದರೂ ಕೈಹಿಡಿದು ಹೇಗಿದ್ದೀರಿ ಎಂದು ವಿಚಾರಿಸಬೇಕಲ್ಲ. ಯಾರೂ ಇಲ್ಲದ ಕಡೆ ಸ್ವಂತ ಕೈಯಾದರೂ ಆದೀತು.

ಈಗ ಅಧಿಕಾರಿ ಬಂದು ಕೂತಿರುವುದಕ್ಕೂ ಸಿಸ್ಟರೇ ಕಾರಣ. ಮೊದಲ ಕಟ್ಟಡ ಮುಗಿಯುತ್ತ ಬಂತು, ಜನ ಬರುವುದರೊಳಗೆ ಒಬ್ಬ ಡಾಕ್ಟರನ್ನು ಕೊಡಿಸಿ ಎಂದು ಅವರು ಶಾಸನಸಭೆಯ ಸದಸ್ಯರೊಬ್ಬರಿಗೆ ಅರ್ಜಿ ಬರೆದಿದ್ದರು. ಸದಸ್ಯರು ಸಭೆಯಲ್ಲಿ ಪ್ರಶ್ನೆ ಹಾಕಿಯೇಬಿಟ್ಟರು. ಉತ್ತರ ಬರೆಯುವ ಮೊದಲು ಕಣ್ಣಾರೆ ನೋಡಿ ಬಾ ಎಂದು ಇಲಾಖೆ ಈ ಮನುಷ್ಯನನ್ನು ಅಟ್ಟಿತ್ತು.

ಅಧಿಕಾರಿ ರಿಜಿಸ್ಟರನ್ನು ಪಕ್ಕಕ್ಕಿಟ್ಟು ಸಿಬ್ಬಂದಿಯ ಹಾಜರಿ ಪುಸ್ತಕ ಎತ್ತಿಕೊಂಡರು. ಅದನ್ನೊಮ್ಮೆ ನೋಡಿದರು, ಇದನ್ನೊಮ್ಮೆ ನೋಡಿದರು. ಆಮೇಲೆ ಕನ್ನಡಕ ತೆಗೆದರು.

“ಎರಡರಲ್ಲೂ ಒಂದೇ ಹೆಸರಿದೆ.”

“ಹೌದು ಸರ್.”

“ಯಾಕಮ್ಮ ಹೀಗೆ ಮಾಡಿದ್ರಿ?”

“ಖಾಲಿ ಇದ್ರೆ ಮುಚ್ತೀವಿ ಅಂದ್ರಲ್ಲ ಸರ್. ಜನ ವಾಪಸ್ ಬಂದಾಗ ಬಾಗಿಲು ತೆಗೆದಿರಬೇಕಲ್ವಾ? ಆದ್ರೆ ಬರೆದಿದ್ದು ಒಂದೂ ಸುಳ್ಳಲ್ಲ. ಬಿ.ಪಿ.ನೂ ನಿಜ, ತೂಕಾನೂ ನಿಜ.”

ಅಧಿಕಾರಿ ಮೊದಲ ಪುಟ ತೆರೆದು ನೋಡಿದರು, ಕೊನೆಯ ಪುಟ ತೆರೆದು ನೋಡಿದರು. “ಒಂಬತ್ತು ಕೆ.ಜಿ. ಇಳಿದಿದೀರಲ್ಲಮ್ಮ. ಡಾಕ್ಟರಿಗೆ ತೋರಿಸಿದ್ರಾ?”

“ಡಾಕ್ಟರ್ ಎಲ್ಲಿದ್ದಾರೆ ಸರ್?”

ಅಧಿಕಾರಿಯೇನೂ ಕೆಟ್ಟವರಲ್ಲ. ಹಾವೂ ಸಾಯದ, ಕೋಲೂ ಮುರಿಯದ ಉತ್ತರಗಳನ್ನು ಬರೆದು ಬರೆದೇ ತಲೆ ಹಣ್ಣಾದವರು. ಇದ್ದದ್ದನ್ನು ಇದ್ದಹಾಗೆ ಬರೆದರೆ ಆಸ್ಪತ್ರೆ ನಾಳೆಯೇ ಮುಚ್ಚುತ್ತದೆ. ಬರೆಯದಿದ್ದರೆ ಡಾಕ್ಟರ್ ಬರುವುದಿಲ್ಲ. ಅತ್ತ ದರಿ, ಇತ್ತ ಪುಲಿ. “ನೋಡೋಣ” ಎಂದು ಎದ್ದರು.

“ಬಂದಿದ್ದೀರಿ, ಒಂದ್ಸಲ ಕೈ ಕೊಡಿ ಸರ್, ಬಿ.ಪಿ. ನೋಡ್ತೀನಿ” ಎಂದರು ಸಿಸ್ಟರ್. ಇನ್ನೊಬ್ಬರ ತೋಳಿಗೆ ಪಟ್ಟಿ ಸುತ್ತಿ ಎಷ್ಟು ದಿನವಾಗಿತ್ತೋ, ಅವರ ದನಿಯಲ್ಲಿ ಆಸೆ ಇಣುಕಿತು.

ಅಧಿಕಾರಿ ಅಂಗಿಯ ತೋಳನ್ನು ಎರಡು ಮಡಿಕೆ ಮೇಲೇರಿಸಿ ನಿಂತರು. “ನನ್ನ ಹೆಸರೂ ಇದರಲ್ಲಿ ಬರುತ್ತಾ?”

“ಬರುತ್ತೆ ಸರ್. ಇವತ್ತಿನ ಎರಡನೇ ರೋಗಿ.”

ಅವರು ತೋಳನ್ನು ಕೆಳಗಿಳಿಸಿ ಗುಂಡಿ ಹಾಕಿಕೊಂಡರು. “ಬೇಡಮ್ಮ. ಹೆಸರು ಬಿದ್ರೆ, ಈ ರಿಜಿಸ್ಟರ್ ನಾನು ನೋಡಿದ್ದೆ ಅಂತಾಗುತ್ತೆ. ಜೀಪು ಕಾಯ್ತಿದೆ.” ಹೋಗುವಾಗ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡರು. ಅದು ಹಗಲೆಲ್ಲ ತೆಗೆದೇ ಇರುವ ಬಾಗಿಲು. ಸಿಸ್ಟರ್ ಹೋಗಿ ಮತ್ತೆ ತೆರೆದಿಟ್ಟರು.

ವಾರದ ನಂತರ, ಸಭೆಯಲ್ಲಿ ಕೊಟ್ಟ ಉತ್ತರದ ಪ್ರತಿ ಅಂಚೆಯಲ್ಲಿ ಬಂತು. ಸಿಸ್ಟರ್ ಹೊಸ್ತಿಲಲ್ಲೇ ನಿಂತು ಓದಿದರು.

‘ಅ) ಸದರಿ ಆಸ್ಪತ್ರೆಯಲ್ಲಿ ರೋಗಿಗಳಿಗೆ ಸೂಕ್ತ ಆರೈಕೆ ದೊರೆಯುತ್ತಿದೆಯೇ? — ಹೌದು. ನೋಂದಾಯಿತ ರೋಗಿಯನ್ನು ದಾದಿಯೊಬ್ಬರು ಒಂದು ಕ್ಷಣವೂ ಬಿಟ್ಟಗಲದೆ ನೋಡಿಕೊಳ್ಳುತ್ತಿದ್ದಾರೆ.

ಆ) ಇಲ್ಲದಿದ್ದಲ್ಲಿ, ವೈದ್ಯರ ಹುದ್ದೆಯನ್ನು ಯಾವಾಗ ಭರ್ತಿ ಮಾಡಲಾಗುವುದು? — ಪ್ರಶ್ನೆ ಉದ್ಭವಿಸುವುದಿಲ್ಲ.’

ಹುಡುಕಿದರೂ ಒಂದು ಸುಳ್ಳು ಅಕ್ಷರವಿರಲಿಲ್ಲ. ಸಿಸ್ಟರ್ ಕಾಗದವನ್ನು ಮಡಚಿ ರಿಜಿಸ್ಟರಿನೊಳಗಿಟ್ಟು, ಸ್ಟೂಲಿನ ಮೇಲೆ ಕೂತು, ಪಟ್ಟಿಯನ್ನು ಎಡಗೈಗೆ ಸುತ್ತಿಕೊಂಡರು. ಅದು ಮೊದಲಿಗಿಂತ ಅರ್ಧ ಸುತ್ತು ಹೆಚ್ಚೇ ಬಂತು.