ಲೆನ್ಸಿನ ಮುಚ್ಚಳ

ಬರ್ನಡೆಟ್ ನಿಲುವಂಗಿಯ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಸ್ಟುಡಿಯೊದ ಮಂಚದ ತುದಿಯಲ್ಲಿ ಕೂತಿದ್ದಳು. ಅಮೆರಿಕದ ಡುಲುತ್ ಊರಿನ ಹಿಮದ ರಸ್ತೆಗಳಲ್ಲಿ ಹೆದರದೆ ಶಾಲೆಯ ಬಸ್ ಓಡಿಸುವವಳು, ಒಳಉಡುಪಿನಲ್ಲಿ ಫೋಟೊ ತೆಗೆಸಿಕೊಳ್ಳಲು ತಾನಾಗಿಯೇ ಬಂದವಳು, ಈಗ ಪಟ್ಟಿ ಬಿಚ್ಚಲೊಲ್ಲಳು.

"ಮೊದ್ಲು ಬೆಳಕು ನೋಡ್ಕೋತೀನಿ, ಹಾಗೇ ಕೂತಿರಿ," ಎಂದು ಫೋಟೊಗ್ರಾಫರ್ ಲೋರ್ನಾ ಕ್ಲಿಕ್ಕಿಸತೊಡಗಿದಳು. ಲೆನ್ಸಿನ ಮುಚ್ಚಳ ತೆಗೆದಿರಲಿಲ್ಲ. ಹೆದರಿದವರು ಬಂದರೆ, ಕ್ಯಾಮೆರಾದ ಸದ್ದು ರೂಢಿಯಾಗುವ ತನಕ ಅವಳು ಹೀಗೇ ಮಾಡುತ್ತಿದ್ದಳು. ದೀಪಗಳ ಕಣ್ಣುಕುಕ್ಕುವ ಬೆಳಕಿನಲ್ಲಿ ಇದುವರೆಗೆ ಯಾರೂ ಅದನ್ನು ಗಮನಿಸಿರಲಿಲ್ಲ.

"ಮದುವೆ ಆದ್ಮೇಲೆ ನಾನೊಬ್ಳೇ ಇರೋ ಫೋಟೊ ಒಂದೂ ಇಲ್ಲ ಕಣ್ರೀ. ಎಲ್ಲಾದ್ರಲ್ಲೂ ಮಕ್ಕಳ ಹಿಂದೆ ಅಡಗಿದೀನಿ," ಎಂದಳು ಬರ್ನಡೆಟ್. ಆಮೇಲೆ, ಬಸ್ಸಿನ ಕನ್ನಡಿಯಲ್ಲೇ ಹಿಂದಿನ ಸೀಟಿನ ಪುಂಡರನ್ನು ಪತ್ತೆಹಚ್ಚುವ ಕಣ್ಣುಗಳನ್ನು ಕಿರಿದು ಮಾಡಿದಳು. "ಅಲ್ರೀ, ಮುಚ್ಚಳ ಹಾಗೇ ಇದೆಯಲ್ಲ."

ಮೊದಲ ಸಲ ಸಿಕ್ಕಿಬಿದ್ದ ಲೋರ್ನಾ ಸುಳ್ಳು ಹೇಳಲಿಲ್ಲ. "ಬೇಕಂತ್ಲೇ ಬಿಟ್ಟಿದ್ದು. ನಿಮ್ಮ ಹೆದರಿಕೆ ಹೋಗ್ಲಿ ಅಂತ."

"ಹಾಗಾದ್ರೆ ಇಷ್ಟೊತ್ತು ಹೊಟ್ಟೆ ಒಳಗೆ ಎಳ್ಕೊಂಡು ಕೂತಿದ್ದೆಲ್ಲ ದಂಡ?" ಬರ್ನಡೆಟ್ ಉಸಿರು ಬಿಟ್ಟಳು. ಹೊಟ್ಟೆ ತನ್ನ ಪಾಡಿಗೆ ತಾನು ಮುಂದೆ ಬಂತು. ಅವಳು ಅದನ್ನು ಮತ್ತೆ ಒಳಗೆಳೆಯಲಿಲ್ಲ. ಬೆರಳುಗಳು ಪಟ್ಟಿಯ ಗಂಟಿಗೆ ಹೋದವು.

"ಮೊದ್ಲು ನಿಮ್ಮ ಮುಚ್ಚಳ ತೆಗೀರಿ," ಎಂದಳು. "ಆಮೇಲೆ ನನ್ನದು."