ಎಡಗಡೆಯ ನೀಲಿ ಅಂಗಿ

ಕಣ್ಣಿನ ಕಾರ್ಡ್ ರಿಪೇರಿ ಅಂಗಡಿಯಲ್ಲಿ ಜುಬೇದಾ ಮುಳ್ಳಿನ ಮೇಲೆ ಕೂತ ಹಾಗೆ ಕೂತಿದ್ದಳು. ತೀರಿಕೊಂಡ ಗಂಡನ ಚಿತ್ರ ಅವಳ ಕಣ್ಣೊಳಗೆ ಕೂರಿಸಿದ, ನೋಟ ಮೂಡಿಸುವ ಕಾರ್ಡಿನ ಹಳೇ ಮೆಮೊರಿಯಲ್ಲಿ ಸಿಕ್ಕಿಕೊಂಡಿತ್ತು. ಎಲ್ಲಿ ನೋಡಿದರೂ ಎಡಗಡೆ ಗಂಡನ ಅದೇ ನೀಲಿ ಅಂಗಿ. ಬೆಳಿಗ್ಗೆ ಅದರ ಮರೆಯಲ್ಲಿ ಬಂದ ಬಸ್ಸು ಕಾಣದೆ ಕೂದಲೆಳೆಯಲ್ಲಿ ಪಾರಾಗಿದ್ದಳು.

“ಹೊಸದು ಎರಡು ಥರ ಇದೆ. ಈ ಮೆಮೊರಿ ಅಗ್ಗ. ಆದರೆ ಬಿಸಿಯಾಗುತ್ತೆ, ಓಡಿದರೆ ನೋಟ ತಡವರಿಸುತ್ತೆ. ಇನ್ನೊಂದು ಚಿಪ್ ಮೇಲೆ ಚಿಪ್ ಪೇರಿಸಿದ್ದು, ತಣ್ಣಗಿರುತ್ತೆ,” ಎಂದ ಅಂಗಡಿಯ ದಾಮೋದರ.

“ಅವರು ಯಾವುದರಲ್ಲಿ ಉಳೀತಾರೆ?”

“ಯಾವುದರಲ್ಲೂ ಇಲ್ಲ ಜುಬೇದಕ್ಕ. ಹಳೇದನ್ನ ಕಿತ್ತ ಕೂಡಲೇ ಎಲ್ಲಾ ಖಾಲಿ.”

“ತಣ್ಣಗಿರೋದೇ ಹಾಕು. ಬೇಗ ಹಾಕಪ್ಪ, ನಾನು ಎದ್ದು ಹೋಗೋದರೊಳಗೆ.”

ಮತ್ತೆ ಕಣ್ಣು ಬಿಟ್ಟಾಗ ಎಡಗಡೆ ಬರೀ ಗೋಡೆ. ಹೊರಡುವಾಗ ಅವಳು ಅಂಗಡಿಯ ಬಾಗಿಲಲ್ಲಿ ಬಲಕ್ಕೆ ಒತ್ತಿಕೊಂಡು, ಎಡಗಡೆ ಒಬ್ಬರಿಗಾಗುವಷ್ಟು ಜಾಗ ಬಿಟ್ಟು ದಾಟಿದಳು.